50 ತುಂಬಕತ್ತದ, ಸಂಡೇ ಸ್ಕೂಲ್ ಬಿಟ್ಟುಕೊಡ್ಲೋ ಬ್ಯಾಡೋ? ಐವತ್ತು ದಾಟಿದ ವಿಶ್ವಾಸಿಗಳು ಸ್ವಲ್ಪ ಹೇಳ್ರಿ

ರಾಯಚೂರು ಟೀಚರ್:

ಎಲ್ಲರಿಗೂ ವಂದನೆ ರೀ. ಬರೋ ಆಗಸ್ಟ್ 14ಕ್ಕ ನನಗ 50 ತುಂಬ್ತಾವ. ಶಾಲಿ ದಾಖಲಿ ನೋಡಿದ್ರ ಜೂನ್ 1ಕ್ಕೇ ತುಂಬ್ಯಾವ, ನಮ್ಮ ಕಡಿ ಅರ್ಧ ಮಂದಿ ಹುಟ್ಟಿದ್ದು ಜೂನ್ 1ಕ್ಕೇ ಅಲ್ಲೇನ್ರಿ, ಹೆಸರು ಹಚ್ಚುವಾಗ ಮಾಸ್ತರು ತಾವೇ ಬರಕೊಂಡಿದ್ದು. ನಮ್ಮವ್ವ ಮಾತ್ರ ಮೊದ್ಲಿಂದ್ಲೂ ಪಂಚಮಿ ಆಗಿ ಎರಡ್ಮೂರು ದಿನಕ್ಕ ನೀ ಹುಟ್ಟೀದಿ ಅಂತಿದ್ಲು. ಹೋದ ತಿಂಗಳು ಚರ್ಚಿನ ಹಳೇ ದೀಕ್ಷಾಸ್ನಾನದ ರಿಜಿಸ್ಟರ್ ತೆಗಿಸಿ ನೋಡಿದೆ, ಅವ್ವನ ಮಾತೇ ಖರೇ, 14-8-1975 ಅಂತ ನೀಲಿ ಶಾಯಿಲೆ ಬರದಾರ, ಅಪ್ಪನ ಹೆಸರಿನ ಪಕ್ಕ ಉದ್ಯೋಗ ಅನ್ನೋ ಕಡಿ ಕೂಲಿ ಅಂತ ಅದ. ಆ ಎರಡಕ್ಷರದ ಮ್ಯಾಲ ಬೆರಳಿಟ್ಟುಕೊಂಡು ಬಾಳೊತ್ತು ಕುಂತಿದ್ದೆ. ಆ ಕೂಲಿಯವನ ಮಗಳು ಇವತ್ತು ಟೀಚರ್ ಆಗ್ಯಾಳ, ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಅನಿಸ್ತು.

ಆದ್ರ ನಮ್ಮ ಚರ್ಚಿನ ಅಯ್ಯನವರು, ಅಂದ್ರ ಪಾಸ್ಟರ್, ಬರೇ ಅದಕ್ಕ ಬಿಡಂಗಿಲ್ಲ. ಆ ವಾರದ ಆರಾಧನ್ಯಾಗ ಮುಂದ ಬಂದು 50 ವರ್ಷದಾಗ ದೇವ್ರು ಏನು ಕಲಿಸ್ಯಾನ ಅಂತ ಸಾಕ್ಷಿ ಹೇಳ್ರಿ ಟೀಚರ್ ಅಂದಾರ. ಸ್ತೋತ್ರ ಕಾಣಿಕಿ ಕವರಿನಾಗ ಏನು ಹಾಕಬೇಕು ಗೊತ್ತದ, ಬಾಯಿಲೆ ಏನು ಹೇಳಬೇಕು ಗೊತ್ತಾಗವಲ್ದು.

ಅಸಲಿ ವಿಷಯ ಬ್ಯಾರೆ ಅದ ರೀ. 1998ರಿಂದ, ಅಂದ್ರ 23ನೇ ವಯಸ್ಸಿಂದ ನಮ್ಮ ಸಭೆಯ ಸಂಡೇ ಸ್ಕೂಲ್ ನಾನೇ ನೋಡ್ಕೊಂಡು ಬಂದೀನಿ. ಐತ್ವಾರ ಮುಂಜಾನೆ ನಾಕೂವರಿಗೆ ಎದ್ದು ರೊಟ್ಟಿ ಬಡಿದಿಟ್ಟು, ಎಂಟಕ್ಕ ಬೀಗ ತೆಗೆದು, ಜಮಖಾನಿ ಹಾಸಿ, ಬೈಬಲ್ ಕಥಿ ಚಿತ್ರ ಅಂಟಿಸೋ ಬಟ್ಟಿ ಹಲಗಿ, ಫ್ಲಾನೆಲ್ ಬೋರ್ಡ್ ನಿಲ್ಲಿಸಿ, ಹುಡುಗ್ರಿಗೆ ಕಂಠಪಾಠ ವಚನ ಹೇಳಿಸಿ. ಮೇ ತಿಂಗಳಾಗ ವಿಬಿಎಸ್, ಅಂದ್ರ ಸೂಟಿಯಾಗಿನ ಬೈಬಲ್ ಶಾಲಿ, ರಾಯಚೂರಿನ ಮೇ ತಿಂಗಳ ಬಿಸಲು ನಿಮಗ ಹೇಳೋದೇ ಬ್ಯಾಡ, ಶೀಟಿನ ಕೆಳಗ ಅರವತ್ತು ಹುಡುಗ್ರು. ಡಿಸೆಂಬರ್ ಬಂತಂದ್ರ ಕ್ರಿಸ್ಮಸ್ ನಾಟಕ, ಕುರುಬರಿಗೆ ಕಂಬಳಿ ನನ್ನ ಮನಿದೇ, ದೂತರ ರೆಕ್ಕಿನೂ ನನ್ನ ಮನಿ ರಟ್ಟಿಂದೇ.

ಹೋದ ವರ್ಷದಿಂದ ಮೊಣಕಾಲು ಬ್ಯಾನಿ. ಕೆಳಗ ಕುಂತ್ರ ಏಳಾಕ ಎರಡು ಹುಡುಗ್ರು ಕೈ ಹಿಡೀಬೇಕು. ಸಭ್ಯಾಗ ಒಬ್ಬ ಹುಡುಗಿ ಅದಾಳ, ಬಿ.ಎಡ್ ಮಾಡಕತ್ಯಾಳ, ನನ್ನ ಕೈಯಾಗೇ ಕಲ್ತಾಕಿ, ಅಕ್ಕಾರ ನಾನು ನೋಡ್ಕೋತೀನಿ ಅಂತಾಳ. ಎರಡು ವಾರ ಅಕಿ ಕೈಗೆ ಕೊಟ್ಟು ಹಿಂದ ಕುಂತು ನೋಡಿದೆ. ಫೋನಿನಾಗ ಏನೋ ವಿಡಿಯೋ ಹಾಕಿ ಗೋಡಿ ಮ್ಯಾಲ ತೋರಿಸಿದ್ಲು, ಹುಡುಗ್ರು ಕಣ್ಣು ಪಿಳುಕಿಸ್ದಂಗ ಕುಂತಿದ್ರು. ನನಗ ಖುಷಿ ಆಗಬೇಕಿತ್ತು, ಆಗ್ಲಿಲ್ಲ. ಹೊಟ್ಟಿಕಿಚ್ಚಾತು. ದೇವರ ಮುಂದ ಹೇಳಿದ್ದನ್ನೇ ನಿಮ್ಮ ಮುಂದೂ ಹೇಳಕತ್ತೀನಿ, ಹೊಟ್ಟಿಕಿಚ್ಚೇ.

ಇನ್ನೊಂದು ಮಾತು ಎದಿಯಾಗ ಕುಂತದ. 2007ರಾಗೋ 2008ರಾಗೋ ಒಬ್ಬ ಸಣ್ಣ ಹುಡುಗಿ ತಲಿ ಬಾಚಿಕೊಳ್ಳದಂಗ, ಹರಕು ಫ್ರಾಕ್ ಹಾಕ್ಕೊಂಡು ಬರ್ತಿದ್ಲು. ಅವತ್ತು ನನಗ ಮನ್ಯಾಗ ಏನೋ ಜಗಳ ಆಗಿತ್ತು, ಆ ಸಿಟ್ಟು ಆ ಕೂಸಿನ ಮ್ಯಾಲ ತೀರಿಸಿಕೊಂಡೆ, ದೇವರ ಮನಿಗೆ ಹಿಂಗ ಬರ್ತಾರೇನು ಅಂತ ಎಲ್ಲರ ಮುಂದ ಬೈದೆ. ಅಕಿ ಮತ್ತ ಬರ್ಲೇ ಇಲ್ಲ. ನೂರಾರು ಹುಡುಗ್ರಿಗೆ ಕಲಿಸೀನಿ, ರಾತ್ರಿ ನಿದ್ದಿ ಬರ್ದಿದ್ರ ನೆನಪಾಗೋದು ಆ ಒಂದು ಮಾರಿ.

ಹಿಂಗಿರುವಾಗ ನಾನು ಏನು ಸಾಕ್ಷಿ ಹೇಳ್ಲಿ. ಈಗ ಬಿಟ್ಟುಕೊಟ್ರ ಅದು ದೇವರ ಕೆಲಸದಾಗ ಮೈಗಳ್ಳತನ ಆಗ್ತದೋ ಇಲ್ಲೋ. 50, 60 ದಾಟಿದವ್ರು ನೀವು ಏನು ಕಲ್ತೀರಿ ಹೇಳ್ರಿ.

ಕೌಲ್ ಬಜಾರ್ ತಾತ:

ವಂದನೆ ತಾಯಿ. ನಂದು ಬಳ್ಳಾರಿ, 68 ಆಗೈತೆ. ಮೈಗಳ್ಳತನ ಅಂತ ಬರ್ದೀಯಲ್ಲ, ಅದಕ್ಕೆ ಬೈಬಲ್‌ನಲ್ಲೇ ಉತ್ತರ ಐತೆ, ಯಾರೂ ಆ ಭಾಗದ ಮೇಲೆ ಪ್ರಸಂಗ ಮಾಡಲ್ಲ ಅಷ್ಟೇ. ಅರಣ್ಯಕಾಂಡ 8ನೇ ಅಧ್ಯಾಯ, ಕೊನೇ ಮೂರು ವಚನ ತೆಗೆದು ನೋಡು. ಲೇವಿಯರು, ಅಂದ್ರೆ ಇಸ್ರಾಯೇಲರಲ್ಲಿ ದೇವರ ಸೇವೆಗೆ ಅಂತ ಇಟ್ಟ ಕುಲದೋರು, 25ನೇ ವಯಸ್ಸಿಗೆ ದೇವರ ಗುಡಾರದ ಸೇವೆಗೆ ಸೇರಬೇಕು, 50 ಆದಮೇಲೆ ಆ ಕೆಲಸ ಬಿಡಬೇಕು. ಬಿಡಬಹುದು ಅಂತಲ್ಲ ತಾಯಿ, ಬಿಡಬೇಕು ಅಂತ. ಆಮೇಲೆ ತಮ್ಮ ಅಣ್ಣತಮ್ಮಂದಿರಿಗೆ ಸಹಾಯ ಮಾಡ್ಕೊಂಡು ಅಲ್ಲೇ ಇರಬಹುದು.

ಯಾಕೆ ಐವತ್ತು ಅಂತ ನಾನು ಭಾಳ ದಿನ ಯೋಚ್ನೆ ಮಾಡಿದ್ದೆ. 4ನೇ ಅಧ್ಯಾಯ ಓದಿದ್ರೆ ಗೊತ್ತಾಗುತ್ತೆ, ಅಲ್ಲಿ 30ರಿಂದ 50ರ ತನಕ ಹೊರೋರ ಲೆಕ್ಕ ಐತೆ, ಒಟ್ಟು 8580 ಜನ. ಗುಡಾರ ಅಂದ್ರೆ ಒಂದು ಕಡೆ ನಿಂತಿರೋ ಗುಡಿ ಅಲ್ಲ, ಕಿತ್ತು ಕಟ್ಟಿ ಮರಳುಗಾಡಲ್ಲಿ ಹೊತ್ಕೊಂಡು ಹೋಗೋದು. ಲೇವಿಯರಲ್ಲೇ ಒಂದು ಮನೆತನ ಕೆಹಾತ್ಯರು, ಅವ್ರಿಗೆ ಗಾಡೀನೂ ಕೊಟ್ಟಿಲ್ಲ, ಪವಿತ್ರ ಸಾಮಾನು ಹೆಗಲ ಮೇಲೇ ಹೊರಬೇಕಿತ್ತು. ಐವತ್ತರ ಹೆಗಲು ಹೆಂಗಿರುತ್ತೆ ಅಂತ ದೇವ್ರಿಗೆ ಗೊತ್ತಿಲ್ವಾ? ನಿನ್ನ ಮೊಣಕಾಲೂ ಆತನಿಗೆ ಗೊತ್ತು.

ನಾನು ಸಭೆಯ ಖಜಾಂಚಿ ಆಗಿ 19 ವರ್ಷ ಇದ್ದೆ. ಲೆಕ್ಕದ ಪುಸ್ತಕ ಮನೇಲೇ ಬೀರುವಿನಾಗೆ. ಯಾರಾದ್ರೂ ಕೇಳಿದ್ರೆ ನಾನು ಸತ್ತ ಮೇಲೆ ತಗೊಳ್ರಿ ಅಂತಿದ್ದೆ, ನಗ್ತಾ ಅಂತಿದ್ದೆ, ಆದ್ರೆ ಮನಸ್ಸಿನಾಗೆ ಹಂಗೇ ಇತ್ತು. 57ಕ್ಕೆ ಹಾರ್ಟ್ ಆಪರೇಷನ್ ಆಗಿ ಮಲಗಿದಾಗ ಆ ತಿಂಗಳ ಲೆಕ್ಕ ಬರೆಯೋಕೆ ಒಬ್ರಿಗೂ ಗೊತ್ತಿರಲಿಲ್ಲ. ಅವತ್ತು ಹಾಸಿಗೆ ಮೇಲೆ ಅತ್ತೆ, ನೋವಿಗಲ್ಲ. ನಾನು ಸಭೆಗೆ ದುಡಿದೆ ಅನ್ಕೊಂಡಿದ್ದೆ, ಸಭೇನ ನನ್ನ ಮೇಲೆ ಒರಗಿಸ್ಕೊಂಡು ಕೂತಿದ್ದೆ.

ನಮ್ಮೂರಿನ ಒಂದು ವಿಷಯ ಹೇಳ್ತೀನಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನ್ನೋರು 1810ರಲ್ಲಿ ಬಳ್ಳಾರಿಗೆ ಬಂದ್ರು. ಕನ್ನಡ ಕಲ್ತು, ಬೈಬಲ್ ಪೂರ್ತಿ ಕನ್ನಡಕ್ಕೆ ಬರೋ ಹಂಗೆ ವರ್ಷಗಟ್ಟಲೆ ಕೂತು ಬರೆದ್ರು, ಜೊತೆಗೆ ರೀವ್ ಅನ್ನೋರು ಇದ್ರು, ಅವ್ರು ಕನ್ನಡ ನಿಘಂಟೂ ಮಾಡಿದ್ರು. ಅಷ್ಟು ಕಷ್ಟಪಟ್ಟು ಮಾಡಿದ ಬೈಬಲ್‌ನ ಆಮೇಲೆ ಬಾಸೆಲ್ ಮಿಷನ್ನಿನ ವೈಗಲ್ ಮುಂತಾದೋರು ಕೂತು ತಿದ್ದಿದ್ರು. ಈಗ ನಮ್ಮ ಕೈಯಾಗಿರೋದು ಇನ್ನೂ ಎಷ್ಟೋ ಸಲ ತಿದ್ದಿದ್ದು. ಮೊದಲು ಬರೆದೋರ ಒಂದು ಸಾಲೂ ಹಂಗೇ ಉಳಿದಿರಲಿಕ್ಕಿಲ್ಲ. ಆದ್ರೂ ಅವ್ರು ಬರೀದೇ ಇದ್ದಿದ್ರೆ ತಿದ್ದೋರಿಗೆ ಏನಿತ್ತು ಹೇಳು. ನಿನ್ನ ಫ್ಲಾನೆಲ್ ಬೋರ್ಡ್ ಹಂಗೇ ಅಂತ ತಿಳ್ಕೊ.

ಕಿನ್ನಾಳ ರೋಡ್ ಅಮ್ಮ:

ನಾನು ಕೊಪ್ಪಳದಾಕಿ ರೀ, 63 ವರ್ಷ. ನಾ ಹೇಳತೀನಿ ಮೊಮ್ಮಗ ಟೈಪ್ ಮಾಡಾಕತ್ಯಾನ, ತಪ್ಪಿದ್ರ ಅವನ್ನ ಬೈರಿ.

ಬಳ್ಳಾರಿ ಅಣ್ಣಾರು ಹೇಳಿದ್ದು ನಂಗ ಅರ್ಧ ಒಪ್ಪಿಗಿ ಐತಿ, ಅರ್ಧ ಇಲ್ಲ. ಲೇವಿಯರದು ಹೊರೋ ಕೆಲಸ, ಖರೆ. ಕಾಲೇಬನ ಮಾತು ಯಾಕ ಬಿಟ್ರಿ ಅಣ್ಣಾರ? ದೇವ್ರು ಕೊಡ್ತೀನಿ ಅಂದ ದೇಶ ನೋಡಾಕ 40ಕ್ಕ ಗೂಢಚಾರ ಆಗಿ ಹೋದಾವ, 85ಕ್ಕ ಬಂದು ಮೋಶೆ ಆದಮ್ಯಾಲ ನಾಯಕ ಆದ ಯೆಹೋಶುವನ ಮುಂದ ನಿಂತು, ಅವತ್ತಿನ ಶಕ್ತಿನೇ ಇವತ್ತೂ ಐತಿ, ಆ ಗುಡ್ಡಗಾಡು ನನಗ ಕೊಡು ಅಂದ. ಸಪಾಟ ಹೊಲ ಕೇಳ್ಲಿಲ್ಲ, ಗುಡ್ಡ ಕೇಳಿದ. ಲೂಕನ ಸುವಾರ್ತೆಯೊಳಗ ಅನ್ನಮ್ಮ ಅದಾಳ, ಗಂಡನ ಕೂಡ ಬಾಳಿದ್ದು ಏಳೇ ವರ್ಷ, 84 ವರ್ಷದ ಮುದುಕಿ, ದೇವಾಲಯ ಬಿಟ್ಟು ಹೋಗ್ಲೇ ಇಲ್ಲ. ಅಕಿಗೆ ಯಾರರ ರಿಟೈರ್ ಆಗು ಅಂದ್ರೇನು?

ನನಗ ಐವತ್ತು ತುಂಬಿದಾಗ ಓದಾಕ ಬರ್ತಿದ್ದಿಲ್ಲ. ಬೈಬಲ್ ಎದಿಗೆ ಹಿಡಕೊಂಡು ಚರ್ಚಿಗೆ ಹೋಗ್ತಿದ್ದೆ, ತೆಗೀರಿ ಅಂದ್ರ ತೆಗೀತಿದ್ದೆ, ಒಂದೊಂದ್ಸಲ ತಲಿಕೆಳಗ ಹಿಡಿದಿರ್ತಿದ್ದೆ. ಬಾಜೂಕ ಕುಂತ ಹುಡುಗಿ ತಿರುವಿ ಕೊಡ್ತಿದ್ಲು. 52ಕ್ಕ ಸ್ತ್ರೀಯರ ಕೂಟದಾಗ ಒಬ್ರು ಅಕ್ಷರ ಕಲಿಸಾಕ ಚಾಲೂ ಮಾಡಿದ್ರು, ಸೊಸಿ ನಗ್ತಾಳಂತ ಹಿತ್ತಲದಾಗ ಕುಂತು ತಿದ್ದತಿದ್ದೆ. ಮೊದಲ ಓದಿದ್ದು ಕೀರ್ತನೆ 23. ಒಂದು ವಚನಕ್ಕ ಅರ್ಧ ತಾಸು. ಬಾಯಿಪಾಠ ಬರ್ತಿತ್ತು ಮೊದ್ಲಿಂದ, ಆದ್ರ ಕಣ್ಣಿಲೆ ನೋಡಿ ಓದಿದಾಗ ಕುರುಬ ಅನ್ನೋ ಮಾತು ನನಗ ಅಂತನೇ ಬರದಂಗ ಕಾಣ್ತು, ನಮ್ಮಪ್ಪ ಕುರಿ ಕಾಯ್ತಿದ್ದ ರೀ. ಐವತ್ತಕ್ಕ ಮುಗೀತು ಅಂತ ನಾ ಕುಂತಿದ್ರ ಅದು ಸಿಗ್ತಿತ್ತೇನು.

ಕುರ್ಚಿ ಬಿಡ್ರಿ ಟೀಚರ್, ಹುಡುಗ್ರನ್ನ ಬಿಡಬ್ಯಾಡ್ರಿ. ಹೊಟ್ಟಿಕಿಚ್ಚಿನ ಮಾತು ಬರದೀರಲ್ಲ, ಅದಕ್ಕ ಒಂದೇ ಔಷಧ ನನಗ ಗೊತ್ತಿರೋದು, ಆ ಹುಡುಗಿ ಹೆಸರು ಹಿಡದು ದಿನಾ ಪ್ರಾರ್ಥನೆ ಮಾಡ್ರಿ. ಸೊಸಿ ಬಂದ ಹೊಸದಾಗ ನನಗೂ ಅದ ಬ್ಯಾನಿ ಇತ್ತು. ಮೊದಲ ಎಂಟು ದಿನ ಹಲ್ಲು ಕಡದು ಮಾಡಬೇಕಾಗತೈತಿ.

ಮತ್ತ ಆ ಬೈಸಿಕೊಂಡ ಕೂಸು. ಬರೇ ನೆನಸಿ ಅಳೋದು ಯಾಕ, ಹುಡುಕ್ರಿ. ಊರಾಗ ಮಂದಿಗೆ ಗೊತ್ತಿರ್ತೈತಿ. ಸಿಕ್ರ ಹೋಗಿ ತಪ್ಪಾತವ್ವ ಅನ್ರಿ. ದೊಡ್ಡವ್ರು ಸಣ್ಣವರ ಹಂತ್ಯಾಕ ತಪ್ಪಾತು ಅಂದಿದ್ದು ನಮ್ಮ ಸಭ್ಯಾಗ ನಾ ಇನ್ನೂ ಕಂಡಿಲ್ಲ.

ಸಿಂಧನೂರು ರೈತ:

ನನಗಿನ್ನೂ 47, ಆದ್ರೂ ಒಂದು ಮಾತು ಹೇಳ್ತೀನಿ ಅಕ್ಕಾರ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ಹೊಲ. ನಮ್ಮಜ್ಜ ಜೋಳ ಹತ್ತಿ ಬೆಳೀತಿದ್ದ, ನೀರು ಬಂದಮ್ಯಾಲ ನಮ್ಮಪ್ಪ ಭತ್ತಕ್ಕ ಬಿದ್ದ, ವರ್ಷಕ್ಕ ಎರಡು ಬೆಳಿ, ಹೊಲಕ್ಕ ಒಂದು ದಿನ ಬಿಡುವಿಲ್ಲ, ಯಾವಾಗ ನೋಡಿದ್ರೂ ಮೊಣಕಾಲುದ್ದ ನೀರು. ಮೊದಲು ಚೀಲಗಟ್ಟಲೆ ಬಂತು ಖರೇ. ಈಗ ತಗ್ಗಿನ ಕಡಿ ಎರಡೂವರಿ ಎಕರೆ ಸವಳು ಆಗ್ಯದ, ಬ್ಯಾಸಿಗ್ಯಾಗ ನೋಡಿದ್ರ ನೆಲದ ಮ್ಯಾಲ ಸುಣ್ಣ ಚೆಲ್ಲಿದಂಗ ಬೆಳ್ಳಗ ಉಪ್ಪು ಎದ್ದಿರ್ತದ, ಕಾಲಿಟ್ರ ಕರಕರ ಅಂತದ, ಅಲ್ಲಿ ಜಾಲಿ ಬಿಟ್ರ ಏನೂ ಏಳಂಗಿಲ್ಲ. ಸಿಂಧನೂರು, ಕಾರಟಗಿ, ಗಂಗಾವತಿ ಕಡಿ ಹಿಂಗ ಆದ ಹೊಲ ಬಾಳ ಅದಾವ.

ಯಾಜಕಕಾಂಡ 25 ಓದ್ರಿ, ಏಳು ವರ್ಷಕ್ಕೊಮ್ಮೆ ಭೂಮಿಗೆ ಬಿಡುವು, ಏಳೇಳಲೆ ನಲವತ್ತೊಂಬತ್ತು ಆದಮ್ಯಾಲ 50ನೇ ವರ್ಷ ಜೂಬಿಲಿ, ಕೊಂಬು ಊದಿಸಿ ದೇಶಕ್ಕೆಲ್ಲ ಬಿಡುಗಡಿ ಸಾರಬೇಕು, ಬಿತ್ತಬಾರ್ದು ಕೊಯ್ಯಬಾರ್ದು, ಮಾರಿದ ಹೊಲ ತಿರುಗಿ ಮೊದಲಿನವರ ಮನಿತನಕ್ಕ ಹೋಗಬೇಕು. ಪ್ರಸಂಗದಾಗ ಎಲ್ಲರೂ ಸಾಲ ಮನ್ನಾ, ಬಿಡುಗಡಿ, ಆಶೀರ್ವಾದ ಅಂತ ಹೇಳ್ತಾರ, ಆ ಬಿತ್ತಬ್ಯಾಡ ಅನ್ನೋದು ಯಾರಿಗೂ ಕೇಳ್ಸಂಗಿಲ್ಲ. ಬಿಡುವು ಕೊಡದ ಹೊಲ ಏನಾಗ್ತದ ಅಂತ ನಾನು ದಿನಾ ಕಣ್ಣಿಲೆ ನೋಡ್ತೀನಿ. 27 ವರ್ಷ ಬಿಡ್ದಂಗ ಬೆಳಿ ತೆಗದೀರಿ ಅಕ್ಕಾರ, ಸಿಟ್ಟು, ಹೊಟ್ಟಿಕಿಚ್ಚು ಅಂತ ಬರದೀರಲ್ಲ, ನನಗ ಅದು ಮ್ಯಾಲೆದ್ದ ಉಪ್ಪಿನಂಗೇ ಕಾಣ್ತದ. ತಪ್ಪು ತಿಳಕೋಬ್ಯಾಡ್ರಿ.

ಮುದಗಲ್ ಹುಡುಗಿ:

ನಾನು ಕಥೋಲಿಕಳು, 29, ಇಲ್ಲಿ ಮಾತಾಡಬಹುದೋ ಇಲ್ವೋ ಗೊತ್ತಿಲ್ಲ. ನಮ್ಮೂರಾಗ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರ ಮನಿತನಗಳು ಅದಾವ. ಅಷ್ಟು ವರ್ಷ ವಿಶ್ವಾಸ ಉಳಿದದ್ದು ಹೆಂಗ ಅಂತ ಯಾರರ ಕೇಳಿದ್ರ ನನಗ ನೆನಪಾಗೋದು ನಮ್ಮಜ್ಜಿ, ಬಿಸಿ ಬಿಸಿ ರೊಟ್ಟಿ ಹಂಚಿನ ಮ್ಯಾಲಿಂದ ಕೊಡ್ತಾ ಕೊಡ್ತಾ ಜಪ ಹೇಳಿಸ್ತಿದ್ಲು, ಜಪ ತಪ್ಪಿದ್ರೂ ರೊಟ್ಟಿ ಕೊಡ್ತಿದ್ಲು. ಟೀಚರ್, ನಿಮ್ಮ ಹತ್ರ ಕಲ್ತ ಹುಡುಗ್ರನ್ನೇ ಕೇಳ್ರಿ, ಅವ್ರಿಗೆ ಏನು ನೆನಪದ ಅಂತ. ಅದೇ ನಿಮ್ಮ ಸಾಕ್ಷಿ ಆಗ್ಬಹುದು.

ರಾಯಚೂರು ಟೀಚರ್:

ಎಲ್ಲರದೂ ಓದಿದೆ ರೀ, ಎರಡೆರಡು ಸಲ ಓದಿದೆ. ಸಿಂಧನೂರು ತಮ್ಮಾ, ತಪ್ಪೇನು ತಿಳಕೊಳ್ಲಪಾ, ಆ ಉಪ್ಪಿನ ಮಾತು ಓದಿ ಫೋನ್ ಕೆಳಗಿಟ್ಟು ಸುಮ್ನ ಕುಂತೆ. ಕೊಪ್ಪಳದ ಅಕ್ಕಾರ, ನಿಮ್ಮ ಹಿತ್ತಲದ ಮಾತು ನಮ್ಮವ್ವಗ ಓದಿ ಹೇಳಿದೆ, ಅಕಿಗೂ ಓದಾಕ ಬರಂಗಿಲ್ಲ, 78 ವರ್ಷ, ಈಗ ನಂಗೂ ಕಲಿಸು ಅಂತ ಹಟ ಹಿಡಿದಾಳ. ಸ್ಲೇಟ್ ತಂದೀನಿ.

ಮುದಗಲ್ ತಂಗಿ ಹೇಳಿದಂಗ ಕೇಳಿದೆ. ನಮ್ಮ ಹಳೇ ವಿದ್ಯಾರ್ಥಿ ಒಬ್ಬ ಸ್ಟೇಷನ್ ಹತ್ರ ಆಟೋ ಓಡಿಸ್ತಾನ, ಸಣ್ಣಾವ ಇದ್ದಾಗ ಒಂದು ವಚನನೂ ಬಾಯಿಪಾಠ ಮಾಡ್ತಿದ್ದಿಲ್ಲ, ಹಿಂದ ಕುಂತು ಚಾಕ್‌ಪೀಸ್ ಮುರಿಯೋದೇ ಕೆಲಸ. ಏನಪಾ, ಸಂಡೇ ಸ್ಕೂಲಿಂದು ಏನು ನೆನಪದ ನಿನಗ ಅಂದೆ. ದಾವೀದನ ಕವಣಿ ಅಂತಾನೋ, ಯೋನನ ಮೀನು ಅಂತಾನೋ ಅನ್ಕೊಂಡೆ. ಅವ ಅಂದ, ಟೀಚರ್ ನೀವು ಪ್ಯಾರಲ ಹಣ್ಣು ತರ್ತಿದ್ರಿ, ಚಾಕು ಇರ್ತಿದ್ದಿಲ್ಲ, ಹಲ್ಲಿಲೆ ಕಚ್ಚಿ ಭಾಗ ಮಾಡಬ್ಯಾಡ್ರಿ ಎಂಜಲಾಗ್ತದ ಅಂತ ಹೇಳಿ ನಿಮ್ಮ ಸೆರಗಿನಾಗ ಹಿಡಿದು ಕಟ್ಟಿಗೆ ಗುದ್ದಿ ಒಡೆದು ಎಲ್ಲರಿಗೂ ಕೊಡ್ತಿದ್ರಿ, ನನಗ ಯಾವಾಗ್ಲೂ ದೊಡ್ಡದು ಕೊಡ್ತಿದ್ರಿ ಅಂತ. ನನಗ ಅದು ನೆನಪೇ ಇಲ್ಲ ರೀ. ದೊಡ್ಡದು ಅವ್ನಿಗೆ ಬೇಕಂತ ಕೊಟ್ಟಿದ್ದೋ, ಕೈಗೆ ಹಂಗ ಬಂದಿದ್ದೋ ಗೊತ್ತಿಲ್ಲ. ರಾತ್ರಿಯೆಲ್ಲ ಎದ್ದು ಚಾರ್ಟ್ ಬರದಿದ್ದು, ಬಣ್ಣ ಹಚ್ಚಿದ್ದು ನೆನಪದ ನನಗ, ಅವ್ನಿಗೆ ಹಣ್ಣು.

ಆ ಕೂಸಿನ ಓಣಿಗೂ ಹೋಗಿದ್ದೆ. ಮನಿ ಬೀಗ ಹಾಕ್ಯದ, ಬೀಗಕ್ಕ ತುಕ್ಕು ಹತ್ಯದ. ಬಾಜೂ ಮನಿಯಾಕಿ ಹೇಳಿದ್ಲು, ಅವ್ರು ದುಡಿಯಾಕ ಬೆಂಗಳೂರಿಗೆ ಹೋಗಿ ಏಳೆಂಟು ವರ್ಷ ಆತು, ಬಿಲ್ಡಿಂಗ್ ಕೆಲಸ, ಆ ಹುಡುಗಿದು ಲಗ್ನ ಆಗಿ ಎರಡು ಮಕ್ಕಳು, ಫೋನ್ ನಂಬರ್ ಯಾರ ಹತ್ರನೂ ಇಲ್ಲ, ಉರುಸಿಗೋ ಜಾತ್ರಿಗೋ ಒಮ್ಮೊಮ್ಮೆ ಬರ್ತಾರ ಅಂತ. ನನ್ನ ನಂಬರ್ ಬರದು ಕೊಟ್ಟು ಬಂದೀನಿ. ಬಾಜೂ ಮನಿಯಾಕಿ ಏನಂತ ಹೇಳ್ಲಿ ಅಂದ್ಲು. ಸಂಡೇ ಸ್ಕೂಲ್ ಟೀಚರ್ ತಪ್ಪಾತು ಅಂದ್ಲು ಅಂತ ಹೇಳು ಅಂದೆ. ಅಕಿ ನನ್ನ ಮಾರಿ ನೋಡಿದ್ಲು, ಏನೂ ಕೇಳ್ಲಿಲ್ಲ.

ಕೌಲ್ ಬಜಾರ್ ತಾತ:

ಒಳ್ಳೇದು ಮಾಡಿದೆ ತಾಯಿ. ಸಾಕ್ಷಿ ಹೇಳಿದ ಮೇಲೆ ಇಲ್ಲಿ ಬಂದು ತಿಳಿಸು, ಕಾಯ್ತಿರ್ತೀವಿ.

ರಾಯಚೂರು ಟೀಚರ್:

ಆಗಸ್ಟ್ 17ರ ಆರಾಧನ್ಯಾಗ ಸಾಕ್ಷಿ ಹೇಳಿದೆ ರೀ. ಬರಕೊಂಡು ಹೋಗಿದ್ದು ನಾಕು ಪುಟ, ಓದಿದ್ದು ಒಂದೂ ಇಲ್ಲ. ಅಪ್ಪನ ಹೆಸರಿನ ಪಕ್ಕದ ಕೂಲಿ ಅನ್ನೋ ಮಾತು ಹೇಳಿದೆ, ಹಣ್ಣಿನ ಮಾತು ಹೇಳಿದೆ, ಆ ಕೂಸಿಗೆ ಬೈದದ್ದೂ ಹೇಳಿದೆ. ಅದು ಹೇಳುವಾಗ ಹೆಣ್ಣುಮಕ್ಕಳ ಕಡಿ ಯಾರೋ ಬಿಕ್ಕಿದ್ರು, ಮಾರಿ ಎತ್ತಿ ಯಾರು ಅಂತ ನೋಡ್ಲಿಲ್ಲ. ಆಮ್ಯಾಲ ಅರಣ್ಯಕಾಂಡದ ಆ ಮೂರು ವಚನ ಓದಿ ನಾನು ಇವತ್ತಿಂದ ಸಹಾಯಕ್ಕ ಮಾತ್ರ ಅಂದೆ. ಅಯ್ಯನವರು ಬೈಬಲ್ ತೆಗೆದು ಮತ್ತೊಮ್ಮೆ ಓದಿ ನೋಡಿಕೊಂಡ್ರು.

ಆರಾಧನಿ ಮುಗಿದ ಮ್ಯಾಲ ಆ ಬಿ.ಎಡ್ ಹುಡುಗಿ ಕೈಗೆ ಸಂಡೇ ಸ್ಕೂಲ್ ಅಲಮಾರಿ ಕೀಲಿ ಕೊಟ್ಟೆ. ನನ್ನ ಮನಿ ಕೀಲಿ ಗೊಂಚಲಿನಾಗ 27 ವರ್ಷ ಇದ್ದದ್ದು, ಉಂಗುರದಿಂದ ಬಿಡಿಸಾಕ ಉಗುರು ಮುರೀತು. ಅಲಮಾರಿ ಬಾಗಲಾ ಜೋತು ಬಿದ್ದದ, ಸ್ವಲ್ಪ ಮ್ಯಾಲ ಎತ್ತಿ ಎಡಕ್ಕ ದೂಡಿ ಕೀಲಿ ತಿರುವಬೇಕು, ಇಲ್ಲಂದ್ರ ತೆರಿಯಂಗಿಲ್ಲ. ಅದನ್ನ ಅಕಿಗೆ ಮೂರು ಸಲ ತೋರಿಸಿ ಅಕಿ ಕೈಲೆ ತೆಗಿಸಿದೆ. ಒಳಗಿದ್ದ ಫ್ಲಾನೆಲ್ ಚಿತ್ರ ಬ್ಯಾಡಾದ್ರ ಮನಿಗೆ ಒಯ್ತೀನಿ ಅಂದೆ, ಇರ್ಲಿ ಅಕ್ಕಾರ, ಕರೆಂಟ್ ಹೋದ್ರ ಬೇಕಾಗ್ತಾವ ಅಂದ್ಲು.

ಕೊಪ್ಪಳದ ಅಕ್ಕಾರ, ಅಕಿ ಹೆಸರು ಹಿಡಿದು ದಿನಾ ಪ್ರಾರ್ಥನೆ ನಡೆದದ. ಇವತ್ತಿಗೆ ಹನ್ನೊಂದು ದಿನ. ಇನ್ನೂ ಹಲ್ಲು ಕಡಿಯೋದು ಪೂರಾ ನಿಂತಿಲ್ಲ.

ನಿನ್ನೆ ಶನಿವಾರ ರಾತ್ರಿ ಅಕಿ ಫೋನ್ ಮಾಡಿದ್ಲು, ಹಣ್ಣು ಎಲ್ಲಿ ತರ್ತಿದ್ರಿ ಅಕ್ಕಾರ ಅಂತ. ಪ್ಯಾರಲ ಈಗ ಚಲೋ ಸಿಗಂಗಿಲ್ಲವ್ವ, ಬಾಳಿಹಣ್ಣು ಒಯ್ಯಿ, ಎರಡು ಹೆಚ್ಚಿಗೆ ಇಟ್ಕೊ, ಯಾರರ ತಮ್ಮನ್ನ ಬಗಲಾಗ ಎತ್ಕೊಂಡು ಬಂದಿರ್ತಾರ ಅಂದೆ.